ಕುರ್ಚಿ ಪಿಕ್ಚರಿಗೆ ಎದ್ದವರು

ನಮ್ಮೂರಿನ ಟಾಕೀಸಿನಲ್ಲಿ ನನ್ನದು ದೋಟಿ ಹಿಡಿಯುವ ಕೆಲಸ. ಮಾವಿನಕಾಯಿ ಕೀಳುವ ದೋಟಿಗಿಂತ ನನ್ನದು ಒಂದಾಳು ಉದ್ದ ಹೆಚ್ಚು. ಯಾರಿಗೂ ತರಚಬಾರದೆಂದು ತುದಿಯ ಕೊಕ್ಕೆಗೆ ಹಳೇ ಸೀರೆ ಸುತ್ತಿರುತ್ತೇನೆ. ಪಿಕ್ಚರ್ ನೋಡುತ್ತ ನೋಡುತ್ತ ಬೇಸರ ಬಂದು ಸೀಟು ಬಿಟ್ಟು ಗಾಳಿಯಲ್ಲಿ ಮೇಲೆದ್ದವರನ್ನು ಬೆಲ್ಟಿಗೋ ಕಾಲರಿಗೋ ಕೊಕ್ಕೆ ಹಾಕಿ ಮೆತ್ತಗೆ ಇಳಿಸಿ, ಕೈಗೆ ಒಂದು ಪೊಟ್ಟಣ ಕಡಲೆಕಾಯಿ ಕೊಟ್ಟು ಕೂರಿಸಬೇಕು. ಹೆಂಗಸರಾದರೆ ಕೊಕ್ಕೆಯನ್ನು ಅವರ ಕೈಯ ಹತ್ತಿರ ಒಯ್ದು, ಅವರಾಗಿ ಹಿಡಿದುಕೊಳ್ಳುವ ತನಕ ಕಾಯಬೇಕು. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಅಷ್ಟೂ ವರ್ಷ ಪರದೆಗೆ ಬೆನ್ನು ಹಾಕಿ ಸೂರು ನೋಡಿದವನು ನಾನು. ಯಾವ ಪಿಕ್ಚರಿನ ಕಥೆಯೂ ನನಗೆ ಪೂರ್ತಿ ಗೊತ್ತಿಲ್ಲ. ಯಾವುದಕ್ಕೆ ಯಾರು ಎದ್ದರು ಎಂಬುದು ಮಾತ್ರ ಗೊತ್ತು.

ಬೇಸರವಾದರೂ ನೆಲದ ಮೇಲೆಯೇ ಕೂತಿರುವ ಜನ ಬೇರೆ ಊರುಗಳಲ್ಲಿ ಇದ್ದಾರಂತೆ. ಇರಬಹುದು. ನಮ್ಮಲ್ಲಿ ಬೇಸರ ಬಂತೆಂದರೆ ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಬೆರಳು, ಆಮೇಲೆ ಆಸಾಮಿಯೇ ಏಳುತ್ತಾನೆ. ಮತ್ತೆ ಏನಾದರೂ ಕುತೂಹಲ ಹುಟ್ಟಿದರೆ ತಾನಾಗಿ ಇಳಿಯುತ್ತಾನೆ. ಮನೆಗೆ ಬಂದ ನೆಂಟರು ಮಾತಾಡುವಾಗ ಯಾರದಾದರೂ ಪಾದ ನೆಲ ಬಿಟ್ಟರೆ ಮನೆಯಾಕೆ ತಟ್ಟನೆ ಕಾಫಿಗೆ ಇಡುತ್ತಾಳೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿಯನ್ನು ಕಾಲು ಗಂಟೆ ಮಾತಾಡಲು ಬಿಟ್ಟು ಹಿರಿಯರು ಇಬ್ಬರ ಹಿಮ್ಮಡಿ ನೋಡುತ್ತಾರೆ, ಜಾತಕ ಆಮೇಲೆ. ಒಮ್ಮೆ ಮಂತ್ರಿಯೊಬ್ಬರು ಬಯಲಿನಲ್ಲಿ ಭಾಷಣ ಮಾಡಿದರು. ಹನ್ನೊಂದು ಜನ ಹುಣಸೆಮರ ದಾಟಿ ಹೋಗಿ, ಮೇಲಿನಿಂದ ಊರು ನೋಡಿ ಖುಷಿಯಾದ ಮೇಲೆ ಪಕ್ಕದೂರಿನ ಗಡಿಯಲ್ಲಿ ಇಳಿದರು. ಅವತ್ತಿನಿಂದ ಭಾಷಣಗಳೆಲ್ಲ ಸೂರಿನ ಕೆಳಗೇ.

ದೋಟಿಯವನಿಗೆ ಒಂದೇ ಕಟ್ಟುಪಾಡು. ಯಾರನ್ನು ಇಳಿಸಿದೆ ಎಂದು ಹೊರಗೆ ಹೇಳಬಾರದು. ಕ್ಷೌರಿಕನಿಗೆ ತಲೆಯ ಗಾಯ ಗೊತ್ತಿದ್ದ ಹಾಗೆ ನನಗೆ ಊರಿನ ಬೇಸರ ಗೊತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಊರು ನೆಟ್ಟಗಿರುತ್ತದೆ. ಟಾಕೀಸಿನ ಒಡತಿ ಜಯಶೀಲಮ್ಮನವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಕೇಳಿದ ಪ್ರಮಾಣವೂ ಅದೊಂದೇ.

ಚಿತ್ರ ಸಮಾಜ ಶುರುವಾಗದಿದ್ದರೆ ಆ ಪ್ರಮಾಣಕ್ಕೆ ಪರೀಕ್ಷೆ ಬರುತ್ತಿರಲಿಲ್ಲ. ಅದನ್ನು ಕಟ್ಟಿದವರು ವಾಮನ ರಾಯರು, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಹಾಡು, ಹೊಡೆದಾಟ, ಅತ್ತೆ ಸೊಸೆ ನೋಡಿ ನೋಡಿ ನಮ್ಮೂರ ಜನರ ಅಭಿರುಚಿ ಹಾಳಾಗಿದೆ, ಭಾನುವಾರ ಬೆಳಿಗ್ಗೆ ಲೋಕದ ಒಳ್ಳೆಯ ಚಿತ್ರಗಳನ್ನು ತೋರಿಸಬೇಕು ಎಂದು ಜಯಶೀಲಮ್ಮನವರನ್ನು ಒಪ್ಪಿಸಿದರು. ಮೊದಲನೆಯದಾಗಿ ಇರಾನ್ ದೇಶದ ಒಂದು ಪಿಕ್ಚರ್ ಬಂತು. ಪೆಟ್ಟಿಗೆಯನ್ನು ದೂರದ ಪಟ್ಟಣದಿಂದ ತಂದುಕೊಟ್ಟವರು ಲಾರಿ ಮಾಲೀಕರ ಸಂಘದ ಅಧ್ಯಕ್ಷ ಮಹಾರುದ್ರಪ್ಪನವರು. ಆ ಉಪಕಾರಕ್ಕೆ ಅವರನ್ನೇ ದೀಪ ಹಚ್ಚಲು ಕರೆದಿದ್ದರು. ಪೋಸ್ಟರಿನಲ್ಲಿ ಒಂದು ಮರದ ಕುರ್ಚಿ ಬಿಟ್ಟರೆ ಇನ್ನೇನೂ ಇರಲಿಲ್ಲ, ಹೆಸರನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಊರೆಲ್ಲ ಅದನ್ನು ಕುರ್ಚಿ ಪಿಕ್ಚರ್ ಎಂದಿತು.

ಅದರ ಕಥೆ ನನಗೆ ಆಮೇಲೆ ತಿಳಿದದ್ದು, ಈಗಲೇ ಹೇಳಿಬಿಡುತ್ತೇನೆ. ಒಣಗುಡ್ಡದ ಬುಡದಲ್ಲಿ ಒಂದು ಮಣ್ಣಿನ ಮನೆ. ಮನೆಯ ಮುಂದೆ ಒಬ್ಬ ಮುದುಕ ಕಾಲು ಮುರಿದ ಕುರ್ಚಿಯೊಂದನ್ನು ರಿಪೇರಿ ಮಾಡುತ್ತಿದ್ದಾನೆ. ಒಳಗೆ ಕಾಯಿಲೆಯ ಹೆಂಡತಿ. ಬಿಸಿಲಿನಲ್ಲಿ ಕೂರಬೇಕು ಎಂಬುದು ಅವಳ ಆಸೆ. ಅವಳ ಮುಖ ಒಮ್ಮೆಯೂ ಕಾಣುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. "ಆಯ್ತಾ?" ಎಂದು ಕೇಳುತ್ತಾಳೆ, "ಆಗ್ತಾ ಇದೆ" ಎನ್ನುತ್ತಾನೆ. ಒಂದು ಮೊಳೆ ಬೇಕಾಗಿ ಗುಡ್ಡ ಹತ್ತಿ ಆಚೆ ಊರಿಗೆ ಹೋಗುತ್ತಾನೆ. ಅವನು ಗುಡ್ಡ ಹತ್ತುವುದನ್ನು ಹನ್ನೊಂದು ನಿಮಿಷ ತೋರಿಸುತ್ತಾರೆ, ಇಳಿಯುವುದನ್ನು ಒಂಬತ್ತು ನಿಮಿಷ. ತಂದ ಮೊಳೆ ಸೊಟ್ಟಗಿರುತ್ತದೆ. ಅದನ್ನು ಕಲ್ಲಿನ ಮೇಲಿಟ್ಟು ತಟ್ಟಿ ತಟ್ಟಿ ನೆಟ್ಟಗೆ ಮಾಡುತ್ತಾನೆ. ಕಡೆಗೆ ಕುರ್ಚಿಯನ್ನು ಬಿಸಿಲಿನಲ್ಲಿ ಇಟ್ಟು ಒಳಗೆ ಹೋಗುತ್ತಾನೆ. ಆಮೇಲೆ ಬಹಳ ಹೊತ್ತು ಬರೀ ಖಾಲಿ ಕುರ್ಚಿ, ಗಾಳಿ, ಮುಗಿಯಿತು. ಅವಳು ಬಂದಳೋ ಇಲ್ಲವೋ ಹೇಳುವುದಿಲ್ಲ.

ಅವತ್ತು ನೂರಾ ಮೂವತ್ತು ಜನ ಸೇರಿದ್ದರು. ಪಿಕ್ಚರಿಗಿಂತ ಮುಂಚೆ ವಾಮನ ರಾಯರು ಅರ್ಧ ಗಂಟೆ ಪರಿಚಯ ಮಾಡಿದ್ದರಿಂದ ದೀಪ ಆರುವ ಹೊತ್ತಿಗೇ ಆರು ಜನರನ್ನು ಇಳಿಸಿ ನನಗೆ ಬೆವರು ಬಂದಿತ್ತು. ಒಂಬತ್ತನೇ ನಿಮಿಷಕ್ಕೆ ಕತ್ತಲಲ್ಲಿ ಮೊದಲ ಜೋಡಿ ಚಪ್ಪಲಿ ಮೇಲಕ್ಕೆ ಹೋಯಿತು. ಟಾರ್ಚು ಬಿಟ್ಟು ನೋಡಿದರೆ ವಾಮನ ರಾಯರೇ. ಮಡಿಲಿನ ಪುಸ್ತಕದಲ್ಲಿ ಟಿಪ್ಪಣಿ ಬರೆಯುತ್ತ ಬರೆಯುತ್ತಲೇ ಎದ್ದಿದ್ದರು. ಇಳಿಸಿ ಕೂರಿಸಿದಾಗ ನನ್ನ ಕಿವಿಯಲ್ಲಿ, "ಮೇಲಿಂದ ಹೇಗೆ ಕಾಣಿಸುತ್ತೆ ಅಂತ ನೋಡ್ತಿದ್ದೆ ಕಣಯ್ಯ" ಎಂದರು. ಮುದುಕ ಗುಡ್ಡ ಹತ್ತುವ ಹೊತ್ತಿಗೆ ಎದ್ದವರ ತಲೆ ಬಡಿಯದಿರಲೆಂದು ಸೂರಿನ ಕೆಳಗೆ ಕಟ್ಟಿದ ನಾರಿನ ಬಲೆಗೆ ಐವತ್ತು ಜನ ಒರಗಿದ್ದರು. ಅಲ್ಲೇ ಪಕ್ಕದವರ ಜೊತೆ ಮಾತು ಬೆಳೆದು ಕುತೂಹಲ ಹುಟ್ಟಿ ಇಳಿಯುವರು. ಇಳಿದು ಪರದೆ ನೋಡಿದೊಡನೆ ಮತ್ತೆ ಏಳುವರು. ಬಾವಿಗೆ ಬಿಟ್ಟ ಕೊಡಗಳ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ದೋಟಿಯಲ್ಲಿ ನಾನು ಎಷ್ಟು ಜನರನ್ನು ಹಿಡಿಯಲಿ? ಸುಮಾರು ಮೂವತ್ತು ಜನ ನಿದ್ದೆ ಹೋಗಿದ್ದರು. ನಿದ್ದೆಯಲ್ಲಿ ಯಾರೂ ಏಳುವುದಿಲ್ಲ, ಹಾಗಾಗಿ ಅವರ ಕಾಟ ನನಗಿರಲಿಲ್ಲ. ಇನ್ನುಳಿದವರು ಎಚ್ಚರವಾಗಿಯೇ ಕೂತಿದ್ದರು, ಅವರಲ್ಲಿ ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು ಎಂಬುದನ್ನೂ ಹೇಳಬೇಕು.

ಮಹಾರುದ್ರಪ್ಪನವರದು ಮುಂದಿನ ಸಾಲಿನ ಸೋಫಾ. ಅವರು ಭಾರೀ ಆಳು. ಎಂಥ ಹೊಡೆದಾಟದ ಪಿಕ್ಚರಿಗೂ ಇಂಟರ್ವಲ್ಲಿಗೆ ಮುಂಚೆ ಒಮ್ಮೆ ಏಳದಿದ್ದವರಲ್ಲ, ಅವರ ಬೆಲ್ಟು ನನ್ನ ಕೊಕ್ಕೆಗೆ ಗುರುತು. ಅವತ್ತು ಒಂದು ಗಂಟೆಯಾದರೂ ಏಳಲಿಲ್ಲ. ನಿದ್ದೆ ಹೋಗಿರಬೇಕು ಎಂದುಕೊಂಡು ಹತ್ತಿರ ಹೋಗಿ ಟಾರ್ಚನ್ನು ಕೆಳಗೆ ಹಿಡಿದು ನೋಡಿದೆ. ಕಣ್ಣು ತೆರೆದೇ ಇದ್ದವು. ಮೀಸೆ ಒದ್ದೆಯಾಗಿತ್ತು. ಅವರು ಬೆಳಕಿಗೆ ಕೈ ಅಡ್ಡ ಹಿಡಿದರು. ನಾನು ಟಾರ್ಚು ಆರಿಸಿ ಹಿಂದೆ ಸರಿದೆ.

ಪಿಕ್ಚರ್ ಮುಗಿದ ಮೇಲೆ ವಾಮನ ರಾಯರು ವೇದಿಕೆ ಹತ್ತಿ, ಇಂಥ ಕೃತಿಯನ್ನು ಕಣ್ಣೆವೆ ಮುಚ್ಚದೆ ನೋಡಿದ ಊರಿಗೆ ನಮಸ್ಕಾರ ಎಂದರು. ಆ ಖಾಲಿ ಕುರ್ಚಿ ಬರೀ ಕುರ್ಚಿಯಲ್ಲ, ಅದು ಶೂನ್ಯ, ಅದೇ ಪ್ರಭುತ್ವ ಎಂದರು. ವಂದನೆಯ ಮಾತಿಗೆಂದು ಮಹಾರುದ್ರಪ್ಪನವರ ಕೈಗೆ ಮೈಕು ಕೊಟ್ಟರು. ಅವರು ಗಂಟಲು ಸರಿ ಮಾಡಿಕೊಂಡರು. "ಒಂದು ಮೊಳೆ ಹೊಡೆಯಾಕೆ ಒಂದೂವರೆ ತಾಸು. ನನ್ನ ಗ್ಯಾರೇಜಿನಾಗೆ ಇಂಥ ಕೆಲಸಗಾರ ಇದ್ದಿದ್ರೆ ಅವತ್ತೇ ಮನಿಗೆ ಕಳಿಸ್ತಿದ್ದೆ. ಇದನ್ನ ತರಾಕೆ ನಾನು ಲಾರಿ ಕೊಟ್ಟೆನಲ್ಲ, ನನ್ನ ತಪ್ಪು" ಎಂದು ಮೈಕು ಕೆಳಗಿಟ್ಟು ಹೊರಟೇ ಹೋದರು. ಅರ್ಧ ಹಾಲು ಚಪ್ಪಾಳೆ ತಟ್ಟಿತು. ಇನ್ನರ್ಧ ಚಪ್ಪಾಳೆ ತಟ್ಟಿದವರನ್ನು ಕೆಕ್ಕರಿಸಿ ನೋಡಿತು.

ಅಲ್ಲಿಂದ ಊರು ಎರಡಾಯಿತು. ಒಂದು ಕೂತವರ ಕಡೆ, ಇನ್ನೊಂದು ಎದ್ದವರ ಕಡೆ. ಯಾರು ನಿಜವಾಗಿ ಕೂತಿದ್ದರು, ಯಾರು ಎದ್ದಿದ್ದರು ಎಂಬುದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಕತ್ತಲಲ್ಲಿ ನೋಡಿದವನು ನಾನೊಬ್ಬನೇ. ಇಬ್ಬರು ಮೇಷ್ಟ್ರುಗಳು ಬಲೆಯ ಹತ್ತಿರ ತೇಲುತ್ತ ಮನೆಪಾಠದ ವಿಷಯ ಮಾತಾಡಿದವರು, ಮಾರನೆಯ ದಿನ ಹೋಟೆಲಿನಲ್ಲಿ ಆ ಗುಡ್ಡದ ದೃಶ್ಯದಲ್ಲಿ ತಮಗೆ ಮೈ ಜುಮ್ಮೆಂದದ್ದನ್ನು ವರ್ಣಿಸಿದರು. ನಿದ್ದೆ ಹೋದವರನ್ನು ಚಿತ್ರ ಸಮಾಜ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು. ಅವರಿಗೂ ಅದು ಗೌರವವೆನಿಸಿತು. ಆ ಕಡೆ ಲಾರಿ ಸಂಘದವರು, ಪಿಕ್ಚರಿಗೆ ಬಾರದೇ ಇದ್ದವರೂ ಸೇರಿ, ತಾವು ಬಲೆ ಹರಿಯುವಷ್ಟು ಜೋರಾಗಿ ಎದ್ದೆವು ಎನ್ನತೊಡಗಿದರು. ಬಡಗಿಯೊಬ್ಬ ಮಾತ್ರ, ಕುರ್ಚಿಯ ಕಾಲಿಗೆ ಮೊಳೆ ಹೊಡೆದದ್ದೇ ತಪ್ಪು, ಸಂದಿಗೆ ಮರದ ಬೆಣೆ ಬಡಿಯಬೇಕಿತ್ತು ಎಂದ. ಅವನನ್ನು ಎರಡೂ ಕಡೆಯವರು ಸೇರಿಸಲಿಲ್ಲ. ಮುದುಕಿ ಹೊರಗೆ ಬಂದಳೋ ಸತ್ತಳೋ ಎಂಬ ಮಾತಿನ ಮೇಲೆ ಒಂದು ಮದುವೆಯ ಮಾತುಕತೆ ಮುರಿದುಬಿತ್ತು.

ಇಷ್ಟಕ್ಕೇ ನಿಂತಿದ್ದರೆ ಒಂದು ತಿಂಗಳಲ್ಲಿ ಎಲ್ಲ ಆರುತ್ತಿತ್ತು. ಲಾರಿ ಸಂಘದವರು ತಮ್ಮ ಅಧ್ಯಕ್ಷರ ಸಹಿ ಹಾಕಿಸಿ ಪುರಸಭೆಗೆ ಅರ್ಜಿ ಕೊಟ್ಟರು. ಸಾರ್ವಜನಿಕರನ್ನು ಅಪಾಯದ ಎತ್ತರಕ್ಕೆ ಏಳಿಸಿದ ಚಿತ್ರ ಸಮಾಜವನ್ನು ಮುಚ್ಚಿಸಬೇಕು ಎಂದು ಅದರಲ್ಲಿತ್ತು. ಬಹುಪಾಲು ಪ್ರೇಕ್ಷಕರು ಏಳಲೇ ಇಲ್ಲ ಎಂದು ವಾಮನ ರಾಯರು ಎದುರರ್ಜಿ ಕೊಟ್ಟರು. ಪುರಸಭೆ ಅಧ್ಯಕ್ಷರು ಸೋಮವಾರ ವಿಚಾರಣೆ ಇಟ್ಟು, ದೋಟಿಯ ತಿಪ್ಪೇಶಿ ಬಂದು ಯಾರ್ಯಾರು ಎದ್ದರು ಎಂದು ಹೆಸರು ಹಿಡಿದು ಹೇಳತಕ್ಕದ್ದು, ತಪ್ಪಿದರೆ ಅವನ ದೋಟಿಯ ಪರವಾನಗಿ ರದ್ದು ಎಂದು ಚೀಟಿ ಕಳಿಸಿದರು. ತಿಪ್ಪೇಶಿ ಅಂದರೆ ನಾನೇ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ವಾಮನ ರಾಯರು ನಮ್ಮ ಮನೆಗೆ ಬಂದರು. ಅಂಥ ದೊಡ್ಡವರು ನಮ್ಮ ಹಟ್ಟಿಗೆ ಬಂದದ್ದು ಅದೇ ಮೊದಲು. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ ಸತ್ಯದ ವಿಷಯ ಎತ್ತಿದರು. ಸುಳ್ಳು ಹೇಳು ಎಂದು ತಾನು ಹೇಳುತ್ತಿಲ್ಲ, ಆದರೆ ಏಳುವುದರಲ್ಲೂ ಎರಡು ಬಗೆ, ಬೇಸರಕ್ಕೆ ಏಳುವುದು ಒಂದು, ಭಾವೋನ್ನತಿಗೆ ಏಳುವುದು ಇನ್ನೊಂದು ಎಂದರು. ಅವರ ಮಾತು ಮುಗಿಯುವ ಮುಂಚೆ ನನ್ನ ಹೆಂಡತಿ ಒಲೆಯ ಮುಂದೆ ಒಂದು ಗೇಣು ಮೇಲಿದ್ದಳು. ಅದನ್ನು ಕಂಡು ಅವರು ಲೋಟ ಕೆಳಗಿಟ್ಟರು. ಹೊರಡುವಾಗ ಬಾಗಿಲ ಹತ್ತಿರ ನಿಂತು, ತಮ್ಮ ಸಹಜ ದನಿಯಲ್ಲಿ, "ನಲವತ್ತು ವರ್ಷ ಪಾಠ ಹೇಳಿದೀನಿ ತಿಪ್ಪೇಶಿ. ಹುಡುಗರು ಏಳೋದನ್ನ ನೋಡಿದೀನಿ. ನಾನೇ ಎದ್ದೆ ಅಂತ ಗೊತ್ತಾದರೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡೋದು ಹೇಗೆ?" ಎಂದರು. ನನಗೆ ಅಯ್ಯೋ ಅನಿಸಿತು. ಆದರೂ ಏನೂ ಮಾತು ಕೊಡಲಿಲ್ಲ.

ಮಧ್ಯಾಹ್ನ ಮಹಾರುದ್ರಪ್ಪನವರು ಬಂದರು. ಒಳಗೆ ಬರಲಿಲ್ಲ, ಹಿತ್ತಿಲಿನ ಕಲ್ಲಿನ ಮೇಲೆ ಕೂತರು. ಅವರು ಕೇಳಿದ್ದು ರಾಯರಿಗೆ ಪೂರ್ತಿ ತಿರುಗಾಮುರುಗಾ.

"ಎಲ್ಲರಿಗಿಂತ ಮೊದಲು ಎದ್ದವನು ನಾನು ಅಂತ ಹೇಳು."

"ನೀವು ಏಳಲಿಲ್ಲವಲ್ಲ ಅಧ್ಯಕ್ಷರೇ."

ಅವರು ಬೇಲಿಯ ಮೇಲೆ ನಮ್ಮ ಕೋಳಿ ಹತ್ತಿ ಇಳಿಯುವುದನ್ನು ನೋಡುತ್ತಿದ್ದರು. ಆಮೇಲೆ ಹೆಂಡತಿ ಶಂಕ್ರಮ್ಮ ಹಾಸಿಗೆ ಹಿಡಿದು ಮೂರು ವರ್ಷವಾಯಿತು ಎಂದರು. ಊರಿಗೆ ಆಕೆ ತವರಿನಲ್ಲಿದ್ದಾಳೆ ಎಂದೇ ಹೇಳಿಕೊಂಡು ಬಂದಿದ್ದರಂತೆ. ಡಾಕ್ಟರು ಬಂದು ಹೋಗುತ್ತಾರೆ, ನಾದಿನಿ ನೋಡಿಕೊಳ್ಳುತ್ತಾಳೆ, ತಮ್ಮ ಕೈಯಲ್ಲಿ ಆಗುವುದೆಂದರೆ ಮನೆಯ ಸಾಮಾನು ಸರಿ ಮಾಡುವುದು ಒಂದೇ. ಆ ಪಿಕ್ಚರಿನ ಮುದುಕ ಒಳಗಿನ ದನಿಗೆ ತಲೆ ಎತ್ತದೆ ಉತ್ತರ ಕೊಟ್ಟಾಗ ತಮ್ಮ ಎದೆಯ ಮೇಲೆ ಯಾರೋ ಕಾಲಿಟ್ಟಂತಾಯಿತು ಎಂದರು. "ಮುನ್ನೂರು ಡ್ರೈವರು ಕ್ಲೀನರು ನನ್ನ ಮಾತು ಕೇಳ್ತಾರೆ. ಕುರ್ಚಿ ನೋಡಿ ಅತ್ತ ಅಂತ ಗೊತ್ತಾದ್ರೆ ಯಾವನು ಕೇಳ್ತಾನೆ?" ನಾನು ಅವರಿಗೂ ಮಾತು ಕೊಡಲಿಲ್ಲ.

ಸೋಮವಾರ ಪುರಸಭೆಯ ಹಾಲು ತುಂಬಿತ್ತು. ಕೆಲಸ ಹೋದರೆ ಬೇರೆ ಕಸುಬು ನನಗೆ ಬರುವುದಿಲ್ಲ. ಪುರಸಭೆ ಅಧ್ಯಕ್ಷರು ಕೇಳಿದಾಗ, ನಾನು ಸೂರು ನೋಡುವವನು, ಬೆಲ್ಟು ಕಾಲರು ಕಾಣುತ್ತವೆ, ಮುಖ ಕಾಣುವುದಿಲ್ಲ ಎಂದೆ. ಅವರು ಮೇಜು ಕುಟ್ಟಿದರು. ಹಾಗಾದರೆ ಪರವಾನಗಿ ಇಲ್ಲಿಡು ಎಂದರು. ನಾನು ಜೇಬಿಗೆ ಕೈ ಹಾಕುತ್ತಿರುವಾಗ ಜಯಶೀಲಮ್ಮನವರು ಎದ್ದು ನಿಂತರು. ದೋಟಿಯವನು ಬಾಯಿ ಬಿಡುವ ಟಾಕೀಸಿಗೆ ನಾಳೆಯಿಂದ ಯಾರು ಬರುತ್ತಾರೆ, ಮೊದಲು ತಾವೇ ಬರುತ್ತೀರಾ ಅಧ್ಯಕ್ಷರೇ ಎಂದು ಕೇಳಿದರು. ಪುರಸಭೆ ಅಧ್ಯಕ್ಷರು ಹಿಂದಿನ ದೀಪಾವಳಿಗೆ ತಮ್ಮ ಷಡ್ಡಕನೇ ತೆಗೆದ ಪಿಕ್ಚರಿಗೆ ನಾಲ್ಕು ಸಲ ಎದ್ದಿದ್ದರು. ಅವರು ಸ್ವಲ್ಪ ಯೋಚಿಸಿ ಹೊಸ ತೀರ್ಮಾನ ಕೊಟ್ಟರು. ಬರುವ ಭಾನುವಾರ ಅದೇ ಪಿಕ್ಚರನ್ನು ದೀಪ ಹಾಕಿಕೊಂಡೇ ಇನ್ನೊಮ್ಮೆ ತೋರಿಸುವುದು, ಪುರಸಭೆಯ ಗುಮಾಸ್ತ ಎದ್ದವರನ್ನೂ ಕೂತವರನ್ನೂ ಎಣಿಸಿ ಬರೆದುಕೊಳ್ಳುವುದು. ಅವತ್ತು ನನಗೆ ದೋಟಿ ಮುಟ್ಟುವ ಅಪ್ಪಣೆ ಇರಲಿಲ್ಲ.

ಆ ವಾರ ಊರಿನಲ್ಲಿ ಎರಡು ಬಗೆಯ ತಯಾರಿ ನಡೆಯಿತು. ಚಿತ್ರ ಸಮಾಜದವರು ಪಂಚೆಯ ಅಂಚಿಗೆ ಸೀಸದ ಗುಂಡು ಹೊಲಿಸಿಕೊಂಡರು. ದರ್ಜಿಗೆ ಊಟಕ್ಕೆ ಬಿಡುವಿರಲಿಲ್ಲ. ಲಾರಿ ಸಂಘದವರು ಗ್ಯಾರೇಜಿನಲ್ಲಿ ಸೇರಿ ಬೇಸರಪಡುವುದನ್ನು ಅಭ್ಯಾಸ ಮಾಡಿದರು. ಒಬ್ಬ ಮಗ್ಗಿ ಹೇಳಿಕೊಳ್ಳುತ್ತಿದ್ದ, ಒಬ್ಬ ಗೋಡೆ ನೋಡುತ್ತಿದ್ದ, ಒಬ್ಬ ತನ್ನ ಮಾವನನ್ನೇ ಕರೆತಂದು ಮಾತಾಡಿಸುತ್ತಿದ್ದ.

ಭಾನುವಾರ ಇನ್ನೂರ ಹನ್ನೆರಡು ಜನ ಬಂದರು. ದೀಪಗಳೆಲ್ಲ ಉರಿಯುತ್ತಿದ್ದುದರಿಂದ ಪರದೆಯ ಮೇಲಿನ ಮುದುಕ ಮಸುಕಾಗಿ ಕಾಣುತ್ತಿದ್ದ. ಆದರೆ ಅವನನ್ನು ನೋಡುವವರು ಯಾರು? ಹಾಲಿಗೆ ಹಾಲೇ ಒಬ್ಬರ ಕಾಲನ್ನು ಒಬ್ಬರು ನೋಡುತ್ತ ಕೂತಿತ್ತು. ಆ ಡಾಕ್ಟರು ಏಳುತ್ತಾರೇನೋ, ಈ ವಕೀಲರು ಏಳುತ್ತಾರೇನೋ ಎಂದು ಕುತ್ತಿಗೆ ಚಾಚಿ, ಉಸಿರು ಬಿಗಿಹಿಡಿದು ಕಾದರು. ನಮ್ಮ ಟಾಕೀಸಿನಲ್ಲಿ ಅಷ್ಟು ಮಗ್ನರಾದ ಪ್ರೇಕ್ಷಕರನ್ನು ನಾನು ಕಂಡಿರಲಿಲ್ಲ. ಲಾರಿ ಸಂಘದವರು ಏಳಲು ಪಟ್ಟ ಪಾಡು ದೇವರಿಗೇ ಪ್ರೀತಿ. ಮುಖ ಕೆಂಪಗಾಯಿತು, ಹಿಮ್ಮಡಿ ಮಾತ್ರ ಅಲುಗಲಿಲ್ಲ. ಎದುರಿನವರು ಏಳುವುದನ್ನು ಕಾಯುತ್ತ ಕೂತವನಿಗೆ ಬೇಸರ ಎಲ್ಲಿಂದ ಬರಬೇಕು? ಮಹಾರುದ್ರಪ್ಪನವರು ತಲೆ ತಗ್ಗಿಸಿಕೊಂಡು ತಮ್ಮ ಎರಡು ಅಂಗೈ ನೋಡುತ್ತ ಕೂತಿದ್ದರು.

ಪರದೆಯನ್ನು ನೋಡಿದವರು ಅವತ್ತು ಒಬ್ಬರೇ. ಸಮಾಜದ ಅಧ್ಯಕ್ಷನಾಗಿ ತಾನಾದರೂ ನೋಡದಿದ್ದರೆ ಕೃತಿಗೆ ಅವಮಾನ ಎಂದುಕೊಂಡು ವಾಮನ ರಾಯರು ನಿಷ್ಠೆಯಿಂದ ಕಣ್ಣು ನೆಟ್ಟಿದ್ದರು. ಮುದುಕ ಗುಡ್ಡದ ಅರ್ಧ ಹತ್ತಿದ್ದ. ಸೀಸದ ಗುಂಡುಗಳು ಒಂದಕ್ಕೊಂದು ತಗುಲಿ ಗಲಗಲ ಎಂದವು, ರಾಯರು ಮೆಲ್ಲಗೆ ಸೀಟು ಬಿಟ್ಟರು. ಎರಡೂ ಜೇಬಿನಲ್ಲಿ ಅರೆಯುವ ಗುಂಡುಕಲ್ಲುಗಳಿದ್ದವು, ಕೋಟು ಕೆಳಗೆ ಜೋತುಬಿದ್ದಿತ್ತು, ಅವರು ಮಾತ್ರ ಮೇಲೆ ಹೋಗುತ್ತಲೇ ಇದ್ದರು. ಯಾರೂ ನಗಲಿಲ್ಲ. ದೋಟಿ ಮುಟ್ಟುವಂತಿರಲಿಲ್ಲವಾದ್ದರಿಂದ ನಾನು ಸುಮ್ಮನೆ ನಿಂತಿದ್ದೆ. ಬಲೆಗೆ ಬೆನ್ನು ತಾಗಿದ ಮೇಲೆ ರಾಯರು ಒಮ್ಮೆ ಸುತ್ತಲೂ ನೋಡಿ, ಜೇಬಿನಿಂದ ಕಲ್ಲುಗಳನ್ನು ತೆಗೆದು ಬಲೆಯ ಕಣ್ಣಿನಲ್ಲಿ ಇಟ್ಟು, ಕೈಕಾಲು ಸಡಿಲ ಬಿಟ್ಟು ಮಲಗಿಬಿಟ್ಟರು. ಎಷ್ಟೋ ವರ್ಷದಿಂದ ಬಿಗಿಯಾಗಿದ್ದ ಬೂಟು ಕಳಚಿದವರ ಮುಖ ಹಾಗಿರುತ್ತದೆ.

ಕೂತವರು ಇನ್ನೂರ ಹನ್ನೊಂದು, ಎದ್ದವರು ಒಬ್ಬರು ಎಂದು ಗುಮಾಸ್ತ ಬರೆದ. ಅದರ ಆಧಾರದ ಮೇಲೆ ಪುರಸಭೆ ಆ ಪಿಕ್ಚರನ್ನು ಅತ್ಯಂತ ಸ್ವಾರಸ್ಯಕರ ಎಂದು ಠರಾವು ಮಾಡಿತು. ಚಿತ್ರ ಸಮಾಜದವರು ಹಿಗ್ಗಿದರು. ಅಭಿರುಚಿ ಸಾಲದೆಂಬ ಕಾರಣಕ್ಕೆ ವಾಮನ ರಾಯರನ್ನು ಅಧ್ಯಕ್ಷತೆಯಿಂದ ಇಳಿಸಿದರು. ರಾಯರೇನೂ ಬೇಸರಪಡಲಿಲ್ಲ. ಈಗ ಅವರು ಹೊಡೆದಾಟದ ಪಿಕ್ಚರುಗಳಿಗೆ ಮ್ಯಾಟಿನಿಗೆ ಬರುತ್ತಾರೆ, ಶಿಳ್ಳೆ ಹಾಕಲು ಕಲಿಯುತ್ತಿದ್ದಾರೆ.

ಮಾರನೆಯ ಬೆಳಿಗ್ಗೆ ನಾನು ಹಾಲು ಗುಡಿಸುತ್ತಿರುವಾಗ ಮಹಾರುದ್ರಪ್ಪನವರು ಬಂದರು. ಪೆಟ್ಟಿಗೆ ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಬೇಕಿತ್ತು. ಹೋಗುವ ಮುಂಚೆ ಒಂದೇ ಒಂದು ಸಲ, ಶಂಕ್ರಮ್ಮನಿಗೆ ತೋರಿಸಲು ಆಗುತ್ತದೆಯೇ ಎಂದು ಜಯಶೀಲಮ್ಮನವರನ್ನು ಕೇಳಿದರು. ಅವರಿಗೂ ಆಕೆ ತವರಿನಲ್ಲಿಲ್ಲ ಎಂದು ಆಗಲೇ ಗೊತ್ತಾದದ್ದು. ಏನೂ ಕೇಳದೆ, ಕರಕೊಂಡು ಬನ್ನಿ ಎಂದರು. ನಾಲ್ಕು ಜನ ಹಮಾಲರು ಆರಾಮಕುರ್ಚಿಯಲ್ಲಿ ಆಕೆಯನ್ನು ಹೊತ್ತು ತಂದು ನಡುಹಾದಿಯಲ್ಲಿ ಇಳಿಸಿದರು. ಒಣಗಿದ ಬಳ್ಳಿಯಂಥ ಮೈ, ಕಣ್ಣು ಮಾತ್ರ ಚುರುಕು. ಬೆನ್ನು ಆನಿಸಲು ದಿಂಬು ಕೊಡುತ್ತ ಮಹಾರುದ್ರಪ್ಪನವರು ನನಗೆ ಮೆಲ್ಲಗೆ, ದೋಟಿ ಬೇಕಾಗುವುದಿಲ್ಲ ಎಂದರು. ಮೂರು ವರ್ಷ ಅದೇ ಗೋಡೆ ನೋಡಿಕೊಂಡು ಮಲಗಿದ್ದರೂ ಆಕೆ ಒಂದು ಬೆರಳಷ್ಟೂ ಎದ್ದವಳಲ್ಲವಂತೆ. ಬೇಸರಪಡಲೂ ಮೈಯಲ್ಲಿ ಕಸುವು ಬೇಕು, ಅದೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ದೀಪ ಆರಿತು. ನನಗೆ ಕೆಲಸವಿಲ್ಲದ್ದರಿಂದ ಹುಟ್ಟಿದ ಮೇಲೆ ಮೊದಲ ಸಲ ಒಂದು ಪಿಕ್ಚರನ್ನು ಮೊದಲಿಂದ ನೋಡುತ್ತ ನಿಂತೆ. ಮುದುಕನ ಸುತ್ತಿಗೆಯ ಸದ್ದು, ಒಳಗಿನ ದನಿ, ಮತ್ತೆ ಸುತ್ತಿಗೆ. ಮಹಾರುದ್ರಪ್ಪನವರು ಪರದೆ ನೋಡದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮುದುಕ ಗುಡ್ಡ ಹತ್ತತೊಡಗಿದ. ಆರಾಮಕುರ್ಚಿ ಕಿರ್ ಎಂದಿತು. ತಿರುಗಿ ನೋಡಿದರೆ ಶಂಕ್ರಮ್ಮನವರ ಮೇಲೆ ಹೊದಿಸಿದ್ದ ಕಂಬಳಿ ಜಾರಿ ಕೆಳಗೆ ಬಿದ್ದಿತ್ತು. ಆಕೆ ಕುರ್ಚಿಯ ಮೇಲೆ ಒಂದು ಮೊಳ ಎತ್ತರದಲ್ಲಿದ್ದರು.

"ತಿಪ್ಪೇಶಿ, ಎದ್ದಳು ಕಣೋ" ಎಂದರು ಮಹಾರುದ್ರಪ್ಪನವರು. "ಶಂಕ್ರಿ ಎದ್ದಳು."

ನೋಡನೋಡುತ್ತ ಆಕೆ ಆಳೆತ್ತರಕ್ಕೆ ಹೋದರು. ಪರದೆಯ ಬೆಳಕಿನಲ್ಲಿ ಸೀರೆಯ ಅಂಚು ಅಲುಗುತ್ತಿತ್ತು. ನಾನು ಓಡಿಹೋಗಿ ದೋಟಿ ತಂದು ಕೊಕ್ಕೆಯನ್ನು ಆಕೆಯ ಕೈಯ ಹತ್ತಿರ ಒಯ್ದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡಪ್ಪ. ಅವರೇ ಇಳಿಸ್ಲಿ." ಆಮೇಲೆ ಗಂಡನ ಕಡೆ ನೋಡಿದರು. "ಏನ್ರೀ ಇದು? ಒಳಗೆ ಹೋಗಿ ಆಕಿ ಹತ್ರ ಎರಡು ಮಾತು ಆಡಬಾರದೇನು ಆತ? ಆಕಿ ಕೇಳ್ತಿರೋದು ಕುರ್ಚಿ ಆತಾ ಅಂತಲ್ಲ. ನಿಮ್ಮ ಕೆಲಸ ಮುಗೀತಾ, ಈ ಕಡೆ ಬರ್ತೀರಾ ಅಂತ. ನೀವೂ ಹಂಗೇ. ಮಂಚದ ಕಾಲು, ಕಿಟಕಿ ಚಿಲಕ, ಫ್ಯಾನು. ಮೂರು ವರ್ಷ ಬರೇ ಸುತ್ತಿಗೆ ಸದ್ದು ಕೇಳಿದೀನಿ."

ಇರಾನಿನ ಆ ಭಾಷೆಯ ಒಂದು ಅಕ್ಷರ ಆಕೆಗೆ ಬರುತ್ತಿರಲಿಲ್ಲ. ಊರಿನಲ್ಲಿ ಎರಡು ವಾರ ನಡೆದ ಚರ್ಚೆಯಲ್ಲಿ ಯಾರೊಬ್ಬರಿಗೂ ಈ ಅರ್ಥ ಹೊಳೆದಿರಲಿಲ್ಲ.

ಮಹಾರುದ್ರಪ್ಪನವರು ತಲೆ ಮೇಲೆತ್ತಿ ನಿಂತಿದ್ದರು. ಏನು ಮಾತಾಡಬೇಕೋ ತೋಚದೆ, ಹೊಸ ಲಾರಿಯ ಹಿಂದಿನ ಆಕ್ಸಲ್ ಮುರಿದದ್ದನ್ನು ಹೇಳಲು ಶುರು ಮಾಡಿದರು. ಆಕೆ ಇನ್ನೊಂದು ಮೊಳ ಮೇಲೆ ಹೋದರು. ಅವರು ಸಂಘದ ಚುನಾವಣೆಯ ವಿಷಯ ತೆಗೆದರು. ಆಕೆಯ ತಲೆ ಬಲೆಗೆ ತಾಗಿತು. ಅವರು ಮಾತು ನಿಲ್ಲಿಸಿ ಮುಖ ಒರೆಸಿಕೊಂಡರು.

"ಮೊನ್ನೆ ಇಲ್ಲೇ, ಆ ಸೋಫಾದಾಗೆ ಕೂತು ಅತ್ತೆ ಕಣೇ" ಎಂದರು. "ಒಂದೂವರೆ ತಾಸು ಅತ್ತೆ. ಆಮೇಲೆ ಎಲ್ಲರ ಮುಂದೆ ಮೈಕಿನಾಗೆ ಪಿಕ್ಚರನ್ನ ಬೈದೆ."

ಶಂಕ್ರಮ್ಮನವರು ಬಲೆಯಿಂದ ಒಂದು ಗೇಣು ಕೆಳಗೆ ಬಂದರು. "ನೀವು ಅತ್ರಾ?"

"ಹೂಂ."

"ಯಾಕೆ?"

"ನಿನ್ನ ಕೋಣೆಗೆ ಬಂದು ಕೂರಾಕೆ ನನಗೆ ಹೆದರಿಕಿ ಆಕ್ಕತಿ. ಕೈಯಾಗೆ ಸುತ್ತಿಗೆ ಇದ್ರೆ ಹೆದರಿಕಿ ಆಗಲ್ಲ."

ಆಕೆ ಇಳಿಯುತ್ತಿದ್ದರು. ಆಳೆತ್ತರಕ್ಕೆ ಬಂದಾಗ ಅವರು ಕೈ ಚಾಚಿದರು, ಆಕೆ ಬೆರಳು ಹಿಡಿದುಕೊಂಡರು. ಕುರ್ಚಿಗೆ ಬಂದು ತಲುಪಿದ ಮೇಲೆ ಕಂಬಳಿಯನ್ನು ತಾವೇ ಎಳೆದುಕೊಂಡು, "ಆಮೇಲೆ?" ಎಂದು ಕೇಳಿದರು. ಅವರು ನೆಲದ ಮೇಲೆ ಕೂತು, ಊರಿಗೆ ಹೇಳಿದ ಸುಳ್ಳು, ನಮ್ಮ ಹಿತ್ತಿಲಿಗೆ ಬಂದದ್ದು, ಗ್ಯಾರೇಜಿನ ಬೇಸರದ ತಾಲೀಮು, ರಾಯರು ಕಲ್ಲುಗುಂಡು ಇಟ್ಟುಕೊಂಡು ಎದ್ದದ್ದು ಎಲ್ಲವನ್ನೂ ಹೇಳಿದರು. ಶಂಕ್ರಮ್ಮನವರು ನಕ್ಕರು. ಕೆಮ್ಮು ಬಂತು, ನೀರು ಕುಡಿದು ಮತ್ತೆ ನಕ್ಕರು, ಮತ್ತೆ "ಆಮೇಲೆ?" ಎಂದರು. ಮಹಾರುದ್ರಪ್ಪನವರು ಮೂರು ವರ್ಷದಿಂದ ಹೇಳದೆ ಉಳಿದದ್ದನ್ನೆಲ್ಲ ಮೊದಲಿಂದ ಹೇಳತೊಡಗಿದರು. ಪರದೆಯ ಮೇಲೆ ಖಾಲಿ ಕುರ್ಚಿ ಬಂದು ಹೋಯಿತು, ರೀಲು ಮುಗಿಯಿತು, ಪರದೆ ಬೆಳ್ಳಗಾಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ನಾನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ. ಬಿಸಿಲಿನಲ್ಲಿ ಮ್ಯಾಟಿನಿಯ ಸಾಲು ಆಗಲೇ ಗೇಟಿನ ತನಕ ಬೆಳೆದಿತ್ತು. ಜಯಶೀಲಮ್ಮನವರು ಟಿಕೆಟ್ ಕಿಟಕಿಯಿಂದ ತಲೆ ಹೊರಹಾಕಿ, ಪಿಕ್ಚರ್ ಮುಗಿಯಿತೇ ಎಂದು ಕೇಳಿದರು.

"ಪಿಕ್ಚರ್ ಮುಗೀತಮ್ಮ" ಎಂದೆ. "ಅವರದು ಇನ್ನೂ ಮೊದಲನೇ ವರ್ಷ ನಡೀತಿದೆ."

ಅವರು ಬಾಗಿಲ ಸಂದಿಯಿಂದ ಒಮ್ಮೆ ಒಳಗೆ ನೋಡಿ ಬಂದು, ಮ್ಯಾಟಿನಿ ಒಂದು ಗಂಟೆ ತಡ ಎಂದು ಸಾಲಿಗೆ ಕೂಗಿ ಹೇಳಿದರು. ಸಾಲಿನ ಕೊನೆಯಲ್ಲಿ ಗೊಣಗಾಟ ಎದ್ದಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಇಬ್ಬರು ಮೂವರ ಹಿಮ್ಮಡಿ ನೆಲ ಬಿಟ್ಟದ್ದೂ ಕಂಡಿತು. ನಾನು ದೋಟಿ ಹೆಗಲಿಗೇರಿಸಿ ಆ ಕಡೆ ಹೊರಟೆ, ಅವಸರವೇನೂ ಮಾಡಲಿಲ್ಲ.